ಮಣ್ಣಿನ ಹಾದಿಗೊಂದು ಮರಿ ಎಂಜಿನು

ದೊಡ್ಡ ಎಂಜಿನಿಗೆ ದೊಡ್ಡ ಗೌರವ ಸಲ್ಲುವುದು ಲೋಕರೂಢಿ. ಲಾರಿ, ಟ್ರಾಕ್ಟರುಗಳ ಗರ್ಜನೆಗೆ ತಲೆಯೆತ್ತಿ ನೋಡುವವರು ಬೀದಿಯಲ್ಲಿ ಗುಟುಗುಟು ಎನ್ನುತ್ತ ಸಾಗುವ ನೂರು ಸಿ.ಸಿ. ಗಾಡಿಯನ್ನು ಕಣ್ಣೆತ್ತಿಯೂ ನೋಡರು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ದಿನದ ಬಾಳು ಬಹುಮಟ್ಟಿಗೆ ನಡೆಯುತ್ತಿರುವುದು ಈ ಪುಟ್ಟ ಎಂಜಿನುಗಳ ಬೆನ್ನಿನ ಮೇಲೆಯೇ. ಹೊಲಕ್ಕೆ ಗೊಬ್ಬರದ ಚೀಲ, ಡೇರಿಗೆ ಹಾಲಿನ ಕ್ಯಾನು, ಸಂತೆಗೆ ಕಾಯಿಪಲ್ಯ, ಶಾಲೆಗೆ ಮಕ್ಕಳು, ಎಲ್ಲವನ್ನೂ ಒಂದೇ ಗಾಡಿ ಹೊತ್ತು ತಿರುಗುತ್ತದೆ. ಮನೆಯ ಎತ್ತಿನಂತೆ ಅದೂ ಒಂದು ದುಡಿಯುವ ಜೀವ.

ಈ ದುಡಿಮೆಯ ಎಂಜಿನಿಗೆ ಈಗ ಆಟದ ಆಸೆಯೊಂದು ಅಂಟಿಕೊಂಡಿದೆ. ಮೊಳಕಾಲೆತ್ತರದ ಮೋಟಾರು ಸೈಕಲ್ಲುಗಳು ಮಣ್ಣಿನ ದಿಬ್ಬಗಳನ್ನು ಹಾರುವುದನ್ನು, ಕಲ್ಲುಗುಡ್ಡಗಳನ್ನು ಏರುವುದನ್ನು ಮೊಬೈಲಿನ ಪರದೆಯ ಮೇಲೆ ಕಂಡ ಹುಡುಗರು, ‘ನಮ್ಮೂರಲ್ಲಿ ಗುಡ್ಡವಿಲ್ಲವೇ, ನಮ್ಮ ಮನೆಯಲ್ಲಿ ಎಂಜಿನಿಲ್ಲವೇ?’ ಎಂದು ಕೇಳಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಗುಡ್ಡವೂ ಉಂಟು, ಎಂಜಿನೂ ಉಂಟು. ಎರಡನ್ನೂ ಕೂಡಿಸುವ ತಿಳಿವಳಿಕೆ ಇಲ್ಲದಿದ್ದರೆ ಮಾತ್ರ ಆಟವೂ ಕೆಟ್ಟು, ಮನೆಯ ದುಡಿಮೆಯ ಗಾಡಿಯೂ ಮೂಲೆ ಸೇರುವುದು ನಿಶ್ಚಯ. ಆದುದರಿಂದ ಈ ಮರಿ ಎಂಜಿನಿನ ಕುಲಗೋತ್ರ, ಗುಣದೋಷ, ಆರೈಕೆಗಳನ್ನು ಕೊಂಚ ವಿಚಾರಿಸುವುದು ಹುಡುಗರಿಗೂ ಹಿರಿಯರಿಗೂ ಹಿತ.

ಹೆಸರಿನ ಹುಟ್ಟು

ಮೋಟಾರು ಪಂದ್ಯದ ಬಯಲಿನಲ್ಲಿ ಗಾಡಿಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಅಂಕಣಕ್ಕೆ ‘ಪಿಟ್’ ಎಂದು ಹೆಸರು. ಒಂದು ಅಂಕಣದಿಂದ ಇನ್ನೊಂದಕ್ಕೆ ಓಡಾಡಲು ಪಂದ್ಯದ ಮಂದಿ ಬಳಸುತ್ತಿದ್ದ ಕುಳ್ಳ ಗಾಡಿಗೆ ‘ಪಿಟ್ ಬೈಕು’ ಎಂಬ ಹೆಸರು ಬಂತು. ಬರಬರುತ್ತ ಆ ಕುಳ್ಳ ಗಾಡಿಯೇ ಪಂದ್ಯದ ವಸ್ತುವಾಗಿ, ಚಿಕ್ಕ ಚಕ್ರ, ಗಟ್ಟಿ ಚೌಕಟ್ಟು, ಐವತ್ತರಿಂದ ನೂರೈವತ್ತು ಸಿ.ಸಿ.ಯೊಳಗಿನ ಎಂಜಿನುಗಳ ಒಂದು ಬೇರೆ ಜಾತಿಯೇ ಬೆಳೆದು ನಿಂತಿತು.

ಇದರ ಮೂಲಪುರುಷನನ್ನು ಹುಡುಕುತ್ತ ಹೋದರೆ ಜಪಾನಿಗೆ ಹೋಗಬೇಕಾಗುತ್ತದೆ. ಹೋಂಡಾ ಕಂಪನಿಯವರು 1958ರಲ್ಲಿ ‘ಸೂಪರ್ ಕಬ್’ ಎಂಬ ಐವತ್ತು ಸಿ.ಸಿ. ಗಾಡಿಯನ್ನು ಹೊರತಂದರು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸದೆ ಮುಂದಕ್ಕೆ ಮಲಗಿಸಿದುದು ಅದರ ವಿಶೇಷ. ಇದರಿಂದ ಗಾಡಿಯ ಭಾರ ನೆಲದ ಹತ್ತಿರ ನಿಂತಿತು. ಸವಾರನ ಕಾಲಿಗೆ ಎಡೆ ದೊರೆಯಿತು. 2017ರ ಹೊತ್ತಿಗೆ ಈ ಕುಲದ ಗಾಡಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿತೆಂದರೆ ಅದರ ಜನಪ್ರಿಯತೆಯನ್ನು ಊಹಿಸಬಹುದು. ಟೋಕಿಯೋ ಬಳಿಯ ‘ಟಾಮಾ ಟೆಕ್’ ಎಂಬ ವಿಹಾರವನದಲ್ಲಿ ಮಕ್ಕಳ ಆಟಕ್ಕೆಂದು 1961ರಲ್ಲಿ ಇದೇ ಬಗೆಯ ಎಂಜಿನನ್ನು ಒಂದು ಪುಟ್ಟ ಚೌಕಟ್ಟಿಗೆ ಕೂಡಿಸಿದರು. ಅದರ ಮೇಲೆ ಕುಳಿತ ದೊಡ್ಡವರು ಮಂಗಗಳಂತೆ ಕಾಣುತ್ತಿದ್ದರಂತೆ. ಆದ್ದರಿಂದ ‘ಮಂಕಿ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಮಕ್ಕಳ ಆಟಿಕೆಯಾಗಿ ಹುಟ್ಟಿದ ಆ ಗಾಡಿಯ ವಂಶವೇ ಅಮೆರಿಕದ ಪಂದ್ಯದ ಬಯಲುಗಳಿಗೆ ಹರಡಿತು. ಮುಂದೆ ಚೀನಾದ ಕಾರ್ಖಾನೆಗಳು ಅದೇ ವಿನ್ಯಾಸವನ್ನು ಹಿಗ್ಗಿಸಿ 110, 125, 140 ಸಿ.ಸಿ.ಗಳ ಎಂಜಿನುಗಳನ್ನು ತಯಾರಿಸಿದವು. ಇಂದು ಪಿಟ್ ಬೈಕು ಎನ್ನುವ ಗಾಡಿಗಳಲ್ಲಿ ಬಹುಪಾಲಿಗೆ ಈ ಮಲಗಿದ ಎಂಜಿನೇ ಹೃದಯ.

ಮನೆಯಂಗಳದ ದಾಯಾದಿ

ಇಷ್ಟು ದೂರದ ಕಥೆಗೂ ಯಲಬುರ್ಗಾದ ಹಳ್ಳಿಯ ಅಂಗಳಕ್ಕೂ ಏನು ನಂಟು? ಅಂಗಳದಲ್ಲಿ ನಿಂತಿರುವ ಸ್ಪ್ಲೆಂಡರ್ ಗಾಡಿಯನ್ನು ಬದಿಯಿಂದ ಬಗ್ಗಿ ನೋಡಿದರೆ ಉತ್ತರ ಸಿಗುತ್ತದೆ. ಅದರ ಸಿಲಿಂಡರೂ ಮುಂದಕ್ಕೆ ಚಾಚಿ ಮಲಗಿದೆ! ಹೀರೋ ಹೋಂಡಾ ಕಂಪನಿಯವರು 1985ರಲ್ಲಿ ತಂದ ಸಿ.ಡಿ. 100, 1994ರಲ್ಲಿ ತಂದ ಸ್ಪ್ಲೆಂಡರ್, ಎರಡರ ಎಂಜಿನೂ ಆ ಸೂಪರ್ ಕಬ್‌ನ ವಂಶದ್ದೇ. ಎರಡು ಕಂಪನಿಗಳ ಕೂಡಾವಳಿ 2010ರ ಕೊನೆಯಲ್ಲಿ ಮುರಿದು ಹೆಸರಿನಿಂದ ‘ಹೋಂಡಾ’ ಹೋಯಿತು. ಎಂಜಿನು ಮಾತ್ರ ಉಳಿಯಿತು.

ಅಳತೆಗಳನ್ನು ಸಾಲಾಗಿಟ್ಟರೆ ವಂಶವೃಕ್ಷ ತಾನೇ ತೆರೆದುಕೊಳ್ಳುತ್ತದೆ. 1960ರ ದಶಕದ ಹೋಂಡಾ ಐವತ್ತರ ಬೋರು 39 ಮಿ.ಮೀ., ಸ್ಟ್ರೋಕು 41.4 ಮಿ.ಮೀ.; ಪಿಸ್ಟನ್ ಒಮ್ಮೆ ಸರಿದಾಗ ತೆರವಾಗುವ ಜಾಗ 49 ಸಿ.ಸಿ. ಚಿಲ್ಲರೆ. ಅದೇ ಕುಲದ ತೊಂಬತ್ತರಲ್ಲಿ 47 ಮತ್ತು 49.5. ಸ್ಪ್ಲೆಂಡರ್‌ನಲ್ಲಿ 50 ಮತ್ತು 49.5, ಅಂದರೆ 97.2 ಸಿ.ಸಿ. ಚೀನಾದ ಜನಪ್ರಿಯ 140ರಲ್ಲಿ 56 ಮತ್ತು 57. ಹಾಗೆಂದ ಮಾತ್ರಕ್ಕೆ ಒಂದರ ಬಿಡಿಭಾಗ ಇನ್ನೊಂದಕ್ಕೆ ಕಣ್ಣುಮುಚ್ಚಿ ಹೊಂದುತ್ತದೆಯೆಂದು ತಿಳಿಯಬಾರದು. ದಾಯಾದಿಗಳೆಂದ ಮೇಲೆ ಹೋಲಿಕೆಯೂ ಉಂಟು, ವ್ಯಾಜ್ಯವೂ ಉಂಟು. ಆದರೆ ಒಂದನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಇನ್ನೊಂದರ ಮುಂದೆ ಕೈಚೆಲ್ಲಿ ಕೂರಲಾರ. ವಿದೇಶದ ಹವ್ಯಾಸಿಗಳು ಪುಸ್ತಕ ಓದಿ ಕಲಿಯುವ ವಿದ್ಯೆಯನ್ನು ಕುಷ್ಟಗಿಯ ಬಸ್ ನಿಲ್ದಾಣದ ಬದಿಯ ಗ್ಯಾರೇಜಿನ ಹುಡುಗ ಹೊಟ್ಟೆಪಾಡಿಗಾಗಿ ಎಂದೋ ಕಲಿತಿರುತ್ತಾನೆ.

ಈ ಸೀಮೆಯ ಇನ್ನೊಂದು ಮರಿ ಎಂಜಿನು ಟಿ.ವಿ.ಎಸ್.ನದು. ಕರ್ನಾಟಕದ ಗಡಿಗಂಟಿದ ಹೊಸೂರಿನಲ್ಲಿ 1980ರಲ್ಲಿ ಹುಟ್ಟಿದ ‘ಟಿ.ವಿ.ಎಸ್. 50’ ಮೊಪೆಡ್ಡಿನ ವಂಶ, ಎಕ್ಸೆಲ್ ಎಂಬ ಹೆಸರಿನಿಂದ ಹಳ್ಳಿಹಳ್ಳಿಗೂ ಹಬ್ಬಿತು. ಮೊದಲು ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ ಟೂ ಸ್ಟ್ರೋಕ್ ಎಂಜಿನು. 2015ರಲ್ಲಿ ಬಂದ ಎಕ್ಸೆಲ್ 100ರಲ್ಲಿ ಫೋರ್ ಸ್ಟ್ರೋಕ್ ಎಂಜಿನು, 99.7 ಸಿ.ಸಿ. ಗೇರು ಬದಲಿಸುವ ಗೊಡವೆಯಿಲ್ಲ. ಮೂಟೆ ಹೊರುವುದರಲ್ಲಿ ಇದಕ್ಕೆ ಸಾಟಿಯಿಲ್ಲ.

ನಾಲ್ಕು ತಾಲ್ಲೂಕು, ಹಲವು ನೆಲ

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ಹುಟ್ಟಿದಾಗ ಅದರಲ್ಲಿದ್ದುದು ಈ ನಾಲ್ಕೇ ತಾಲ್ಲೂಕುಗಳು. ಕುಕನೂರು, ಕಾರಟಗಿ, ಕನಕಗಿರಿಗಳು ಬೇರೆ ತಾಲ್ಲೂಕುಗಳಾದುದು ಅನಂತರ. ಭೂಮಿ ಒಂದೇ ಜಿಲ್ಲೆಯದಾದರೂ ಅದರ ಸ್ವಭಾವ ಒಂದೇ ಅಲ್ಲ. ಎಂಜಿನಿನ ಆಯ್ಕೆಗೆ ಹೊರಡುವವನು ಮೊದಲು ಓದಬೇಕಾದ ಪುಸ್ತಕ ನೆಲವೇ.

ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ಹೊರಟ ಎಡದಂಡೆಯ ಕಾಲುವೆ ಗಂಗಾವತಿಯ ಸೀಮೆಯನ್ನು ಭತ್ತದ ಕಣಜವಾಗಿಸಿತು. ಅಲ್ಲಿ ನಾಟಿಯ ಕಾಲದಲ್ಲಿ ಗಾಡಿಯ ವೈರಿ ಕೆಸರು. ಅಂಟುಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಹೆಪ್ಪುಗಟ್ಟಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಆನೆಗೊಂದಿ, ಸಾಣಾಪುರಗಳ ಕಡೆ ಹೋದರೆ ಬಂಡೆಯ ಮೇಲೆ ಬಂಡೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನೇ ನಂಬಿದ ಬೇಸಾಯ. ಎರೆಭೂಮಿ ಒಂದು ಕಡೆ, ಕೆಂಪು ಮಸಾರಿ ಒಂದು ಕಡೆ. ಎರೆ ಒಣಗಿದಾಗ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ, ನೆನೆದಾಗ ಅಂಟಿನಂತಾಗುತ್ತದೆ. ಮಸಾರಿಯ ಮೇಲೆ ಸಣ್ಣ ಕಲ್ಲಿನ ಹರಳು, ಅದರ ಮೇಲೆ ನುಣ್ಣನೆಯ ಧೂಳು. ಬೇಸಗೆಯಲ್ಲಿ ಒಣಗಿದ ಹಳ್ಳಗಳಲ್ಲಿ ಗಾಲಿ ಹೂಳುವ ಉಸುಕು.

ಕೆಸರು, ಬಂಡೆ, ಧೂಳು, ಉಸುಕು, ಈ ನಾಲ್ಕರಲ್ಲಿ ಒಂದೂ ವೇಗವನ್ನು ಬೇಡುವುದಿಲ್ಲ. ನಾಲ್ಕೂ ಬೇಡುವುದು ನಿಧಾನವಾಗಿ, ಎಡೆಬಿಡದೆ ಎಳೆಯುವ ಶಕ್ತಿಯನ್ನು. ಹೆದ್ದಾರಿಯಲ್ಲಿ ಓಡುವ ಎಂಜಿನು ಬೇರೆ, ಹಾದಿಯಿಲ್ಲದಲ್ಲಿ ತೆವಳುವ ಎಂಜಿನು ಬೇರೆ ಎಂಬ ಮಾತಿನ ತಿರುಳು ಇದು.

ಆಯ್ಕೆಯ ಲೆಕ್ಕ

ಎಂಜಿನಿನ ಬಲವನ್ನು ಎರಡು ಬಗೆಯಲ್ಲಿ ಹೇಳುವುದುಂಟು. ಒಂದು ಅಶ್ವಶಕ್ತಿ, ಇನ್ನೊಂದು ತಿರುಗುಬಲ. ಸ್ಪ್ಲೆಂಡರ್‌ನ ಎಂಜಿನು ನಿಮಿಷಕ್ಕೆ 8,000 ಸುತ್ತಿನಲ್ಲಿ ಸುಮಾರು ಎಂಟು ಅಶ್ವಶಕ್ತಿಯನ್ನು ಕೊಡುತ್ತದೆ. ಎಕ್ಸೆಲ್ 100 ಕೊಡುವುದು 6,000 ಸುತ್ತಿನಲ್ಲಿ ನಾಲ್ಕು ಚಿಲ್ಲರೆ. ಇಷ್ಟನ್ನೇ ಕೇಳಿದರೆ ಒಂದು ಕುದುರೆ, ಇನ್ನೊಂದು ಕತ್ತೆ ಎನ್ನಿಸೀತು. ತಿರುಗುಬಲದ ಲೆಕ್ಕ ಬೇರೆ ಮಾತನ್ನಾಡುತ್ತದೆ: ಒಂದರದು ಸುಮಾರು ಎಂಟು ನ್ಯೂಟನ್ ಮೀಟರು, ಇನ್ನೊಂದರದು ಆರೂವರೆ. ಅದೂ ಎಕ್ಸೆಲ್ಲಿನ ಆರೂವರೆ ಕೇವಲ 3,500 ಸುತ್ತಿನಲ್ಲಿಯೇ ಕೈಗೆ ಸಿಗುತ್ತದೆ. ಮೂಟೆ ಹೊರುವ ಗಾಡಿಯ ಗುಟ್ಟು ಇದೇ.

ಎಂಟು ನ್ಯೂಟನ್ ಮೀಟರು ಎಂದರೆ ಎಷ್ಟು? ಒಂದು ಮೀಟರು ಉದ್ದದ ಪಾನಾದ ತುದಿಗೆ ಸುಮಾರು ಎಂಟುನೂರು ಗ್ರಾಂ ತೂಕ ತೂಗುಹಾಕಿದರೆ ಉಂಟಾಗುವ ತಿರುಚು. ಅಷ್ಟೇ! ಈ ಅಲ್ಪಬಲವನ್ನು ಗೇರುಗಳೂ ಚೈನೂ ಹತ್ತಾರು ಪಟ್ಟು ಹಿಗ್ಗಿಸುವುದರಿಂದಲೇ ಗಾಡಿ ದಿಬ್ಬ ಹತ್ತುತ್ತದೆ. ಆದ್ದರಿಂದ ಮಣ್ಣಿನ ಹಾದಿಯವನಿಗೆ ಎಂಜಿನಿಗಿಂತ ಗೇರು ಕಡಿಮೆ ಮುಖ್ಯವಲ್ಲ. ಎಕ್ಸೆಲ್ಲಿನಲ್ಲಿ ಗೇರು ಒಂದೇ. ಅದರ ಕ್ಲಚ್ಚು ಸುತ್ತು ಏರಿದಂತೆ ತಾನೇ ಕಚ್ಚಿಕೊಳ್ಳುವಂಥದು. ಸಮನೆಲದಲ್ಲಿ ಇದು ಪರಮ ಸುಖ. ಕಡಿದಾದ ಏರಿನಲ್ಲಿ ಚಕ್ರ ಬಂಡೆಗೆ ತಡೆದು ನಿಂತಾಗ ಮಾತ್ರ ಕ್ಲಚ್ಚು ಜಾರಿ ಜಾರಿ ಕಾಯುತ್ತದೆ. ಸವಾರನ ಕೈಯಲ್ಲಿ ಕ್ಲಚ್ಚಿದ್ದರೆ ಅವನು ಬಲವನ್ನು ಎಳೆಎಳೆಯಾಗಿ ಬಿಡಬಲ್ಲ. ಬಂಡೆಯ ಹಾದಿಗೆ ಗೇರಿನ ಎಂಜಿನು, ಕಾಲುದಾರಿಯ ಹೊಲಕ್ಕೆ ಮೊಪೆಡ್ಡಿನ ಎಂಜಿನು ಎಂಬುದು ಸ್ಥೂಲವಾದ ನಿಯಮ.

ಟೂ ಸ್ಟ್ರೋಕ್ ಎಂಜಿನು ಹಗುರ, ಚುರುಕು. ಸುತ್ತಿಗೊಂದು ಸಲ ಅದರ ಬೆಂಕಿ ಹತ್ತುತ್ತದೆ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಂದು ಸಲ. ಹಾಗಿದ್ದರೂ ಕಡಿಮೆ ಸುತ್ತಿನಲ್ಲಿ ಹದವಾಗಿ ಎಳೆಯುವುದರಲ್ಲಿ, ಇಂಧನದ ಮಿತವ್ಯಯದಲ್ಲಿ, ಬಿಡಿಭಾಗ ಸಿಗುವ ಸೌಕರ್ಯದಲ್ಲಿ ಫೋರ್ ಸ್ಟ್ರೋಕೇ ಮೇಲು. ಕೊನೆಯ ಕಾರಣ ಎಲ್ಲಕ್ಕಿಂತ ಹಿರಿದು. ದೂರದೇಶದಿಂದ ತರಿಸಿದ ಎಂಜಿನಿನ ಒಂದು ರಬ್ಬರು ಹರಿದರೆ ತಿಂಗಳುಗಟ್ಟಲೆ ಕಾಯಬೇಕು. ಸ್ಪ್ಲೆಂಡರ್‌ನ ಪಿಸ್ಟನ್ನು ರಿಂಗು ಸಂತೆಯ ಊರಿನಲ್ಲೂ ಸಿಗುತ್ತದೆ.

ಸವಾರನ ಮೈಯೂ ಲೆಕ್ಕಕ್ಕೆ ಬರಬೇಕು. ಚಿಕ್ಕ ಹುಡುಗನಿಗೆ 50 ಸಿ.ಸಿ.ಯೇ ಧಾರಾಳ, ಬೆಳೆದವನಿಗೆ ನೂರರ ಆಸುಪಾಸು ಸಾಕು. 140ರ ಎಂಜಿನು ಅನುಭವಿಯ ಕೈಗೆ ಮಾತ್ರ. ಕುಳ್ಳ ಗಾಡಿಯ ಎರಡು ಚಕ್ರಗಳ ನಡುವಣ ಅಂತರ ಕಡಿಮೆಯಾದ್ದರಿಂದ ಬಲ ಹೆಚ್ಚಿದಷ್ಟೂ ಮುಂಚಕ್ರ ನೆಲ ಬಿಡುವ ಅಪಾಯ ಹೆಚ್ಚು.

ಮೊದಲು ಆರೋಗ್ಯ, ಆಮೇಲೆ ಕಸುವು

ಗ್ಯಾರೇಜಿಗೆ ಬಂದ ಹುಡುಗನ ಮೊದಲ ಮಾತು ಸಾಮಾನ್ಯವಾಗಿ ಒಂದೇ: “ಮಾಮಾ, ಪಿಕಪ್ ಜಾಸ್ತಿ ಆಗಂಗ ಮಾಡಿಕೊಡ್ರಿ.” ಅನುಭವಿಯಾದ ಮಿಸ್ತ್ರಿಯ ಉತ್ತರವೂ ಒಂದೇ: “ಮೊದ್ಲು ಇದ್ದದ್ದನ್ನ ನೆಟ್ಟಗ ಮಾಡೋಣ ತಮ್ಮಾ.” ಈ ಉತ್ತರದಲ್ಲಿ ಟ್ಯೂನಿಂಗ್ ವಿದ್ಯೆಯ ಅರ್ಧ ಅಡಗಿದೆ. ಕಳೆದುಹೋದ ಬಲವನ್ನು ಮರಳಿ ಪಡೆಯದೆ ಹೊಸ ಬಲವನ್ನು ತುಂಬಹೊರಡುವುದು ಸೋರುವ ಕೊಡಕ್ಕೆ ನೀರು ಹೊಯ್ದಂತೆ.

ಮೊದಲನೆಯದು ಟ್ಯಾಪೆಟ್ಟಿನ ಸಂದು. ಈ ಕುಲದ ಹಳೆಯ ಎಂಜಿನುಗಳಲ್ಲಿ ಅದು 0.05 ಮಿ.ಮೀ.; ಬರೆಯುವ ಕಾಗದದ ದಪ್ಪದ ಅರ್ಧ. ಎಂಜಿನು ಪೂರ್ತಿ ತಣ್ಣಗಿರುವಾಗ, ಆಯಾ ಗಾಡಿಯ ಕೈಪಿಡಿ ಹೇಳಿದ ಅಳತೆಯಂತೆ ಇದನ್ನು ಸರಿಪಡಿಸಬೇಕು. ಸಂದು ಹೆಚ್ಚಾದರೆ ಕಟಕಟ ಸದ್ದು, ಬಲಹಾನಿ. ಕಡಿಮೆಯಾದರೆ ಸದ್ದಿಲ್ಲ, ಆದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸದ್ದು ಮಾಡುವ ದೋಷಕ್ಕಿಂತ ಸದ್ದಿಲ್ಲದ ದೋಷವೇ ಕೆಟ್ಟದ್ದು.

ಎರಡನೆಯದು ಗಾಳಿಯ ಸೋಸುಕ. ‘ಏರ್ ಫಿಲ್ಟರ್ ತೆಗೆದುಹಾಕಿದರೆ ಗಾಡಿ ಹೆಚ್ಚು ಉಸಿರಾಡಿ ಹೆಚ್ಚು ಓಡುತ್ತದೆ’ ಎಂಬ ನಂಬಿಕೆ ಹುಡುಗರಲ್ಲಿ ಬಲವಾಗಿದೆ. ಕುಷ್ಟಗಿಯ ಮಸಾರಿ ಧೂಳಿನಲ್ಲಿ ಇದಕ್ಕಿಂತ ದೊಡ್ಡ ದ್ರೋಹವನ್ನು ಎಂಜಿನಿಗೆ ಬಗೆಯಲಾಗದು. ಧೂಳೆಂದರೆ ಸಣ್ಣಗೆ ಅರೆದ ಬೆಣಚುಕಲ್ಲೇ ಅಲ್ಲವೆ? ಅದು ಎಣ್ಣೆಯೊಡನೆ ಬೆರೆತು ಸಾಣೆಹುಡಿಯಂತಾಗಿ ಪಿಸ್ಟನ್ನಿನ ರಿಂಗನ್ನೂ ಸಿಲಿಂಡರಿನ ಗೋಡೆಯನ್ನೂ ಉಜ್ಜಿ ತಿನ್ನುತ್ತದೆ. ಮಣ್ಣಿನ ಸವಾರರು ಎಣ್ಣೆಯಲ್ಲಿ ಅದ್ದಿ ಹಿಂಡಿದ ಸ್ಪಂಜಿನ ಸೋಸುಕವನ್ನು ಬಳಸಿ, ಪ್ರತಿ ಓಟದ ಅನಂತರ ತೊಳೆದಿಡುತ್ತಾರೆ. ಎಣ್ಣೆಯ ಮಾತೂ ಹಾಗೆಯೇ. ಇಂಥ ಎಂಜಿನಿನ ಹೊಟ್ಟೆಯಲ್ಲಿರುವುದು ಹೆಚ್ಚುಕಡಿಮೆ ಒಂದು ಲೀಟರು. ಅದೇ ಎಣ್ಣೆ ಎಂಜಿನಿಗೂ ಕ್ಲಚ್ಚಿಗೂ ಗೇರಿಗೂ ಸಾಲಬೇಕು. ಮಣ್ಣಿನ ಓಟಕ್ಕೆ ರಸ್ತೆಯ ಅವಧಿಗಿಂತ ಬಹಳ ಮೊದಲೇ ಅದನ್ನು ಬದಲಿಸಬೇಕು.

ಮೂರನೆಯದು ಈ ಮಲಗಿದ ಎಂಜಿನಿನ ಜನ್ಮದೋಷ. ಸಿಲಿಂಡರಿನ ತಲೆ ಮುಂಚಕ್ರದ ಬೆನ್ನಿಗೇ ಇರುವುದರಿಂದ ಚಕ್ರ ಎರಚಿದ ಕೆಸರೆಲ್ಲ ನೇರವಾಗಿ ಅದರ ಮೇಲೆ ಬೀಳುತ್ತದೆ. ಗಾಳಿಯಿಂದಲೇ ತಂಪಾಗಬೇಕಾದ ಎಂಜಿನು. ಅದರ ರೆಕ್ಕೆಗಳ ಸಂದಿಯಲ್ಲಿ ಗಂಗಾವತಿಯ ಗದ್ದೆಯ ಮಣ್ಣು ಒಣಗಿ ಕುಳಿತರೆ ಕಂಬಳಿ ಹೊದಿಸಿದಂತೆಯೇ ಸರಿ. ಎಂಜಿನು ತಣ್ಣಗಾದ ಮೇಲೆ ಮೆತ್ತನೆಯ ಕುಂಚದಿಂದ ಆ ಸಂದಿಗಳನ್ನು ತೊಳೆಯುವುದು ಹತ್ತು ನಿಮಿಷದ ಕೆಲಸ. ತಪ್ಪಿಸಿದರೆ ಪಿಸ್ಟನ್ನಿಗೆ ಕುತ್ತು.

ಗಾಳಿ, ಬಿಸಿಲು, ಪೆಟ್ರೋಲು

ಇನ್ನು ಟ್ಯೂನಿಂಗಿನ ಸೂಕ್ಷ್ಮಭಾಗವಾದ ಕಾರ್ಬ್ಯುರೇಟರು. ಗಾಳಿಗೂ ಪೆಟ್ರೋಲಿಗೂ ಹದವಾದ ಮದುವೆ ಮಾಡಿಸುವ ಪುರೋಹಿತ ಅದು. ತೂಕದ ಲೆಕ್ಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಮಿಶ್ರಣ ಗಟ್ಟಿ, ಕಡಿಮೆಯಾದರೆ ತೆಳು. ಗಟ್ಟಿಯಾದರೆ ಹೊಗೆ, ಮಂದತನ. ತೆಳುವಾದರೆ ಮೊದಮೊದಲು ಚುರುಕೆನಿಸಿದರೂ ಎಂಜಿನು ಮಿತಿಮೀರಿ ಕಾದು ಪಿಸ್ಟನ್ನು ಕಚ್ಚಿಕೊಳ್ಳುತ್ತದೆ.

ಹಿಡಿಕೆಯನ್ನು ತಿರುಗಿಸಿದಂತೆ ಕಾರ್ಬ್ಯುರೇಟರಿನ ಬೇರೆ ಬೇರೆ ಅಂಗಗಳು ಕೆಲಸಕ್ಕಿಳಿಯುತ್ತವೆ. ಕಾಲುಭಾಗದವರೆಗೆ ಪೈಲಟ್ ಜೆಟ್ಟೂ ಗಾಳಿಯ ತಿರುಪೂ, ಅಲ್ಲಿಂದ ಮುಕ್ಕಾಲರವರೆಗೆ ಸೂಜಿ, ಕೊನೆಯ ಕಾಲುಭಾಗಕ್ಕೆ ಮೇನ್ ಜೆಟ್ಟು. ದೋಷ ಯಾವ ಹಂತದಲ್ಲಿ ತೋರುತ್ತದೆಂದು ಗುರುತಿಸಿ ಆ ಅಂಗವನ್ನು ಮಾತ್ರ ತಿದ್ದಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯನ್ನೂ ಬರೆದಿಡುವುದು, ಇವು ಈ ವಿದ್ಯೆಯ ಎರಡು ವ್ರತಗಳು. ತೀರ್ಪುಗಾರ ಸ್ಪಾರ್ಕ್ ಪ್ಲಗ್ಗು. ಅದನ್ನು ಬಿಚ್ಚಿ ನೋಡಿದಾಗ ತುದಿ ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಹದ. ಕಾಡಿಗೆಯಂತೆ ಕಪ್ಪಾಗಿದ್ದರೆ ಮಿಶ್ರಣ ಗಟ್ಟಿ. ಸುಣ್ಣದಂತೆ ಬೆಳ್ಳಗಾಗಿದ್ದರೆ ತೆಳು, ಅಪಾಯ.

ಕೊಪ್ಪಳ ಸೀಮೆಯ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 500 ಮೀಟರು ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗುತ್ತದೆ. ಬಿಸಿಯಾದಂತೆ ಮತ್ತಷ್ಟು ವಿರಳ. ಐನೂರು ಮೀಟರಿನ ಎತ್ತರಕ್ಕೆ ಗಾಳಿಯ ಸಾಂದ್ರತೆ ನೂರಕ್ಕೆ ಐದಾರು ಪಾಲು ತಗ್ಗಿದರೆ, ಮೇ ತಿಂಗಳ 40 ಡಿಗ್ರಿಯ ಬಿಸಿಲು ಇನ್ನೂ ಎಂಟು ಪಾಲನ್ನು ಕಸಿಯುತ್ತದೆ. ಸಮುದ್ರತೀರದ ತಂಪಿನಲ್ಲಿ ಅಳೆದ ಎಂಟು ಅಶ್ವಶಕ್ತಿ ಕುಷ್ಟಗಿಯ ಮಧ್ಯಾಹ್ನದಲ್ಲಿ ಏಳರ ಹತ್ತಿರಕ್ಕೆ ಇಳಿಯುತ್ತದೆ. ಇದು ಮಿಸ್ತ್ರಿಯ ತಪ್ಪಲ್ಲ, ಸೂರ್ಯನ ಕಾರುಬಾರು. ಗಾಳಿ ವಿರಳವಾದಾಗ ಕಾರ್ಬ್ಯುರೇಟರಿನ ಮಿಶ್ರಣವೂ ಸುಮಾರು ಏಳು ಪಾಲು ಗಟ್ಟಿಯಾಗುತ್ತದೆ. ‘ಬೇಸಗೆಗೆ ಜೆಟ್ಟನ್ನು ಒಂದು ಅಳತೆ ಇಳಿಸು’ ಎಂಬ ಹಳೆಯ ಮಾತು ಹುಟ್ಟಿದ್ದು ಇದರಿಂದಲೇ.

ಆ ಹಳೆಯ ಮಾತನ್ನು ಈಗ ಹಾಗೆಯೇ ಪಾಲಿಸುವಂತಿಲ್ಲ. 2025ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು ದೇಶದಲ್ಲೆಲ್ಲ ಬಳಕೆಗೆ ಬಂದಿತು. ಎಥೆನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಈ ಪೆಟ್ರೋಲಿಗೆ ಬೇಕಾದ ಗಾಳಿ ಸುಮಾರು 13.5 ಪಾಲು ಮಾತ್ರ. ಅಂದರೆ ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ ಮಿಶ್ರಣ ಎಂಟೊಂಬತ್ತು ಪಾಲು ತೆಳುವಾಗುತ್ತದೆ. ಬಿಸಿಲು ಗಟ್ಟಿ ಮಾಡಿದ್ದನ್ನು ಹೊಸ ಪೆಟ್ರೋಲು ತೆಳು ಮಾಡಿ, ಮೇ ತಿಂಗಳಲ್ಲಿ ಎರಡೂ ಹೆಚ್ಚುಕಡಿಮೆ ಸರಿದೂಗುತ್ತವೆ. ಹೀಗಿರುವಾಗ ಹಳೆಯ ಮಾತನ್ನು ನಂಬಿ ಜೆಟ್ಟನ್ನೂ ಇಳಿಸಿದರೆ? ಬೇಸಗೆಯಲ್ಲಿ ಹೇಗೋ ನಡೆದೀತು. ಡಿಸೆಂಬರಿನ ಮುಂಜಾವಿನಲ್ಲಿ ಗಾಳಿ ತಣ್ಣಗಾಗಿ ದಟ್ಟವಾದಾಗ ಅದೇ ಎಂಜಿನು ಅಪಾಯದ ಮಟ್ಟಕ್ಕೆ ತೆಳುವಾಗಿ ಓಡುತ್ತದೆ. ಚಳಿಯ ಹೊತ್ತಿನಲ್ಲಿ ಎಂಜಿನು ಕಾದು ಕೆಡುವ ವಿಚಿತ್ರದ ಮೂಲ ಇಲ್ಲಿದೆ. ಊರ ಮಾತಿಗಿಂತ ಪ್ಲಗ್ಗಿನ ಬಣ್ಣವನ್ನು ನಂಬುವುದು ಲೇಸು. ಎಥೆನಾಲು ಗಾಳಿಯ ತೇವವನ್ನೂ ಹೀರುತ್ತದೆ; ವಾರಕ್ಕೊಮ್ಮೆ ಓಡುವ ಗಾಡಿಯ ಕಾರ್ಬ್ಯುರೇಟರನ್ನು ಬರಿದುಮಾಡಿ ನಿಲ್ಲಿಸಬೇಕು.

2020ರ ಏಪ್ರಿಲಿನಿಂದ ಹೊಸ ನಿಯಮದಂತೆ ಬಂದ ಗಾಡಿಗಳಲ್ಲಿ ಈ ಯಾವ ತೊಡಕೂ ಇಲ್ಲ. ಸ್ಪ್ಲೆಂಡರ್, ಎಕ್ಸೆಲ್ ಎರಡರಲ್ಲೂ ಕಾರ್ಬ್ಯುರೇಟರು ಹೋಗಿ ಇಂಧನವನ್ನು ಅಳೆದು ಚಿಮ್ಮಿಸುವ ವಿದ್ಯುತ್ ಯಂತ್ರ ಬಂದಿದೆ. ಅದು ಮಿಶ್ರಣವನ್ನು ತಾನೇ ತಿದ್ದಿಕೊಳ್ಳುತ್ತದೆ. ಅದರ ತಂಟೆಗೆ ಹೋಗದಿರುವುದೇ ಅದಕ್ಕೆ ಮಾಡುವ ಉಪಕಾರ.

ಹಲ್ಲಿನ ಲೆಕ್ಕ

ಅತ್ಯಂತ ಅಗ್ಗದ, ಅತ್ಯಂತ ನಿರಪಾಯದ ಟ್ಯೂನಿಂಗು ಎಂಜಿನಿನ ಒಳಗಿಲ್ಲ, ಹೊರಗಿದೆ. ಅದು ಚೈನಿನ ಹಲ್ಲುಚಕ್ರ. ಉದಾಹರಣೆಗೆ ಮುಂದಿನ ಚಕ್ರಕ್ಕೆ 14 ಹಲ್ಲು, ಹಿಂದಿನದಕ್ಕೆ 42 ಇದೆಯೆನ್ನೋಣ. ಎಂಜಿನಿನ ಬಲ ಅಲ್ಲಿ ಮೂರು ಪಟ್ಟಾಗುತ್ತದೆ. ಮುಂದಿನದನ್ನು 13 ಹಲ್ಲಿನದಾಗಿ ಬದಲಿಸಿದರೆ ಅದು 3.23 ಪಟ್ಟು. ಎಳೆಯುವ ಬಲ ನೂರಕ್ಕೆ ಏಳೆಂಟು ಪಾಲು ಹೆಚ್ಚುತ್ತದೆ. ಕೊನೆಯ ವೇಗ ಅಷ್ಟೇ ತಗ್ಗುತ್ತದೆ. ಮುಂದಿನ ಒಂದು ಹಲ್ಲನ್ನು ಕಳೆಯುವುದು ಹಿಂದೆ ಮೂರು ಹಲ್ಲು ಕೂಡಿಸುವುದಕ್ಕೆ ಸಮ. ಬಿಸಿಲು ಕಸಿದುಕೊಂಡ ಬಲದ ಅರ್ಧಕ್ಕೂ ಹೆಚ್ಚನ್ನು ಈ ಒಂದು ಹಲ್ಲು ಚಕ್ರಕ್ಕೆ ಮರಳಿ ಕೊಡುತ್ತದೆ. ಮಣ್ಣಿನ ಹಾದಿಗೆ ಬೇಕಾದುದೂ ಇಷ್ಟೇ.

ಇದಕ್ಕೆ ಹೋಲಿಸಿದರೆ ಬೋರನ್ನು ಹಿಗ್ಗಿಸಿ ದೊಡ್ಡ ಪಿಸ್ಟನ್ನು ಕೂರಿಸುವ ಮೋಹ ದುಬಾರಿಯದು. 50 ಮಿ.ಮೀ. ಬೋರನ್ನು 54ಕ್ಕೆ ಏರಿಸಿದರೆ 97.2 ಸಿ.ಸಿ. 113ಕ್ಕೆ ಏರುತ್ತದೆ. ಆದರೆ ಬೆಂಕಿಯುರಿಯುವ ಕೋಣೆ ಮೊದಲಿನಷ್ಟೇ ಉಳಿದರೆ, ಒಂಬತ್ತು ಪಟ್ಟಿನ ಒತ್ತಡ ಹತ್ತು ಪಟ್ಟನ್ನು ಮೀರುತ್ತದೆ. ಒತ್ತಡ ಹೆಚ್ಚಿದರೆ ಬಿಸಿ. ಬಿಸಿ ಹೆಚ್ಚಿದರೆ ಸಿಡಿತ. ಸಿಲಿಂಡರಿನ ಗೋಡೆ ತೆಳುವಾದುದರಿಂದ ಆ ಬಿಸಿಯನ್ನು ತಾಳುವ ಶಕ್ತಿಯೂ ಕುಂದಿರುತ್ತದೆ. ಕ್ಲಚ್ಚು, ಗೇರು, ಬ್ರೇಕುಗಳು ಮಾತ್ರ ಹಳೆಯ ಬಲಕ್ಕೆಂದೇ ಮಾಡಿದವು. ಸೈಲೆನ್ಸರು ಕೊಯ್ದು ಸದ್ದೆಬ್ಬಿಸುವುದಂತೂ ಟ್ಯೂನಿಂಗೇ ಅಲ್ಲ. ಅದರಿಂದ ಕಿವಿಗೆ ಬಲ ಹೆಚ್ಚಿದಂತೆ ಕೇಳಿಸುತ್ತದೆ, ಚಕ್ರಕ್ಕೆ ಹೆಚ್ಚುವುದಿಲ್ಲ.

ಎಲ್ಲಿ ಓಡಿಸಬೇಕು?

ನೋಂದಣಿಯಾದ ಗಾಡಿಯ ಮೂಲರೂಪವನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಡೆಯುತ್ತದೆ. ನೋಂದಣಿಯಿಲ್ಲದ ಪಿಟ್ ಬೈಕಿಗೆ ಸಾರ್ವಜನಿಕ ರಸ್ತೆಯ ಮೇಲೆ ಹಕ್ಕೇ ಇಲ್ಲ. ಆದ್ದರಿಂದ ಮನೆಯ ದುಡಿಮೆಯ ಗಾಡಿಯನ್ನು ಬಿಚ್ಚದೆ, ಕಾಗದಪತ್ರ ಸರಿಯಿರುವ ಹಳೆಯ ಎಂಜಿನೊಂದನ್ನು ಬೇರೆ ಚೌಕಟ್ಟಿಗೆ ಕೂಡಿಸಿ, ಬೇಲಿಯಿರುವ ಸ್ವಂತ ಹೊಲದಲ್ಲಿ ಓಡಿಸುವುದೇ ಮರ್ಯಾದೆಯ ದಾರಿ. ಎಂಜಿನಿನ ಮೇಲೆ ಅಚ್ಚೊತ್ತಿದ ಸಂಖ್ಯೆಯನ್ನು ಕಾಗದದೊಡನೆ ತಾಳೆನೋಡದೆ ಕೊಂಡರೆ ಕದ್ದ ಮಾಲು ಮನೆಗೆ ಬಂದೀತು.

ಈ ಸೀಮೆಯ ಗುಡ್ಡಗಳೆಲ್ಲ ಬರಿಯ ಕಲ್ಲುಗುಡ್ಡಗಳೂ ಅಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳು ನಿಂತಿವೆ. ಆನೆಗೊಂದಿಯ ಪರಿಸರ ಹಂಪಿಯ ರಕ್ಷಿತ ಪ್ರದೇಶಕ್ಕೆ ಸೇರಿದುದು. ಗಂಗಾವತಿಯ ಬಂಕಾಪುರದ ಕುರುಚಲಿನಲ್ಲಿ ತೋಳಗಳ ವಾಸ. ಎರಡು ಸಾವಿರ ವರ್ಷ ಉಳಿದು ಬಂದ ಅಕ್ಷರದ ಬಂಡೆ ಒಂದು ಭಾನುವಾರದ ಮೋಜಿಗೆ ಸವೆಯಬಾರದು. ಕಾಲುವೆಯ ಏರಿಯೂ ಆಟದ ಬಯಲಲ್ಲ. ಅದರ ಮೇಲೆ ರೈತನ ಎತ್ತು ನಡೆಯುತ್ತದೆ, ಅದರ ಗಟ್ಟಿತನದ ಮೇಲೆ ಸಾವಿರಾರು ಎಕರೆಯ ಬೆಳೆ ನಿಂತಿದೆ.

ಮನೆಯವರ ಪಾಲು

ಗೇರಿನ ಗಾಡಿಗೆ 18 ವರ್ಷ ತುಂಬಿ ಲೈಸೆನ್ಸು ಬೇಕು. 16 ತುಂಬಿದವರಿಗೆ ಸಿಗುವುದು 50 ಸಿ.ಸಿ. ಮೀರದ, ಗೇರಿಲ್ಲದ ಗಾಡಿಯ ಅನುಮತಿ ಮಾತ್ರ. ಬಾಲಕನು ರಸ್ತೆಯಲ್ಲಿ ಗಾಡಿ ಓಡಿಸಿ ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೂ ಗಾಡಿಯ ಒಡೆಯರಿಗೂ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆದರೆ ಕಾಯಿದೆಯ ಭಯವೊಂದರಿಂದಲೇ ಆಸೆ ಅಡಗುವುದಿಲ್ಲ. ಕದ್ದು ಓಡಿಸುವ ಹಾದಿ ಹಿಡಿಯುತ್ತದೆ. ಹೆಲ್ಮೆಟ್ಟು, ಮೊಳಕಾಲಿನ ಕಾಪು, ಗಟ್ಟಿ ಬೂಟುಗಳ ಹಣವನ್ನು ಎಂಜಿನಿನ ಹಣಕ್ಕಿಂತ ಮೊದಲು ತೆಗೆದಿಡುವ ಮನೆಯಲ್ಲಿ ಆಸೆಗೆ ಒಂದು ಶಿಸ್ತು ತಾನಾಗಿ ಬರುತ್ತದೆ.

ಆ ಶಿಸ್ತಿನಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನಗಳಿವೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ಎಂಬ ಮಹಾಪಂದ್ಯವನ್ನು ಪೂರೈಸಿದ ಮೊದಲ ಭಾರತೀಯನೆನಿಸಿದರು. ಕೋಲಾರದ ಕಡೆ ಅವರು ತೆರೆದ ‘ಬಿಗ್ ರಾಕ್’ ಮೈದಾನದಲ್ಲಿ ಮಣ್ಣಿನ ಸವಾರಿಯ ಪಾಠ ನಡೆಯುತ್ತದೆ. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಅದೇ ಪಂದ್ಯದ ಕೊನೆ ಮುಟ್ಟಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮಹಿಳೆಯರ ವಿಭಾಗದಲ್ಲಿ ಬಾಹಾ ವಿಶ್ವಕಪ್ಪನ್ನು ಗೆದ್ದರು. ಇಂಥ ದೊಡ್ಡ ಪಂದ್ಯಗಳ ತಳಪಾಯವೂ ಹಿಡಿಕೆಯ ಹಿಡಿತ, ಬ್ರೇಕಿನ ಹದ, ನಿಧಾನದ ಸಮತೋಲ ಎಂಬ ಚಿಕ್ಕ ಪಾಠಗಳೇ. ಆ ಪಾಠಗಳನ್ನು ಕಲಿಸಲು ದೊಡ್ಡ ಎಂಜಿನು ಬೇಕಿಲ್ಲ.

ಯಲಬುರ್ಗಾದ ಹೊಲದ ಮೂಲೆಯಲ್ಲಿ ಹಳೆಯ 97 ಸಿ.ಸಿ. ಎಂಜಿನೊಂದನ್ನು ಬಿಚ್ಚಿ, ತೊಳೆದು, ಅಳತೆ ಬರೆದುಕೊಂಡು ಮತ್ತೆ ಜೋಡಿಸುವ ಹುಡುಗ ಪಂದ್ಯ ಗೆಲ್ಲದಿರಬಹುದು. ಆದರೆ ಬಿತ್ತನೆಯ ಹಂಗಾಮಿನಲ್ಲಿ ನಡುದಾರಿಯಲ್ಲಿ ನಿಂತ ಅಪ್ಪನ ಗಾಡಿಯನ್ನು ಪ್ಲಗ್ಗಿನ ಬಣ್ಣ ನೋಡಿ ಮತ್ತೆ ಹೊರಡಿಸಬಲ್ಲನಾದರೆ, ಆ ವಿದ್ಯೆಗೆ ಕೊಟ್ಟ ಕಾಲ ವ್ಯರ್ಥವಾಯಿತೆಂದು ಯಾರೂ ಹೇಳಲಾರರು.